ಹೋಟೆಲ್ ಕ್ಯಾಲಿಫೋರ್ನಿಯಾ ಕೈಗೆ ಹತ್ತುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಹಾಡು ಮೊದಲ ಸಲ ಕೇಳಿಸಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಿ, "ಯಾವ ಹೋಟೆಲ್ಲೋ ಅದು? ನಮ್ಮವರದ್ದಾ?" ಅಂತ ಕೇಳಿದ್ದರು. ಮೂವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತವರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ.

ನಮ್ಮವರದ್ದಲ್ಲ, ಈಗಲ್ಸ್ ಅನ್ನುವ ಅಮೆರಿಕದ ತಂಡದ್ದು. ಆಲ್ಬಮ್ ಬಂದದ್ದು 1976ರ ಡಿಸೆಂಬರಿನಲ್ಲಿ. ಆರೂವರೆ ನಿಮಿಷದ ಹಾಡು. ಗಿಟಾರ್ ಹಿಡಿದವರು ಒಂದಲ್ಲ ಒಂದು ದಿನ ಇದಕ್ಕೆ ಕೈ ಹಾಕುತ್ತಾರೆ. ಬಹಳ ಜನ ಎರಡನೇ ಕಾರ್ಡಿನಲ್ಲೇ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಕೈ ಬಿಡುತ್ತಾರೆ.

ನಾನೂ ಬಿಟ್ಟಿದ್ದೆ, ಎರಡು ಸಲ. ಆಮೇಲೆ ಗೊತ್ತಾದದ್ದು, ನನಗಿದ್ದ ತೊಂದರೆ ಒಂದಲ್ಲ, ನಾಲ್ಕು. ತಂತಿಯದ್ದೊಂದು, ಮಳೆಗಾಲದ್ದೊಂದು, ಬೆರಳಿನದ್ದೊಂದು, ಲೆಕ್ಕದ್ದೊಂದು. ನಾನು ಎಲ್ಲವನ್ನೂ ಬೆರಳಿನ ಮೇಲೆ ಹಾಕಿ ದಿನಾ ಎರಡು ಗಂಟೆ ಚರ್ಮ ಸವೆಸಿದ್ದೆ. ನೀವು ಹಾಗೆ ಮಾಡಬೇಡಿ. ಏನು ಕೇಳಿಸುತ್ತಿದೆ, ಎಲ್ಲಿ ನೋಯುತ್ತಿದೆ ಅಂತ ನೋಡಿ, ಕೆಳಗೆ ಅದೇ ಲಕ್ಷಣ ಇರುವ ಜಾಗಕ್ಕೆ ಹೋಗಿ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

ಎಲ್ಲಕ್ಕಿಂತ ಮೊದಲು: ಎಂಟು ಸ್ವರದ ಪರೀಕ್ಷೆ

ಇದಕ್ಕೆ ಕಾರ್ಡ್ ಬರಬೇಕಾಗಿಲ್ಲ, ಒಂದು ಬೆರಳು ಸಾಕು. ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದ್ದರೆ ತೆಗೆದಿಡಿ. ತೀರಾ ತೆಳು ತಂತಿ ಒಂದನೆಯದು, ದಪ್ಪದ್ದು ಆರನೆಯದು ಅನ್ನುವುದು ನೆನಪಿರಲಿ. ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಕಂಬಿಗಳು, ಬಿರಡೆಗಳ ಕಡೆಯಿಂದ ಎಣಿಸಿ. ಹಾಡನ್ನು ಮೊದಲಿನಿಂದ ಹಾಕಿ, ಪ್ರತಿ ನಾಲ್ಕು ಎಣಿಕೆಗೆ ಒಂದು ಸ್ವರದಂತೆ ಇದನ್ನು ನುಡಿಸಿ:

ಮೂರನೇ ತಂತಿ: 4ನೇ ಫ್ರೆಟ್, 3ನೇ ಫ್ರೆಟ್, 2ನೇ ಫ್ರೆಟ್, 1ನೇ ಫ್ರೆಟ್, ಖಾಲಿ ತಂತಿ.
ನಾಲ್ಕನೇ ತಂತಿ: 4ನೇ ಫ್ರೆಟ್, 2ನೇ ಫ್ರೆಟ್, ಮತ್ತೆ 4ನೇ ಫ್ರೆಟ್.

ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹಾಡಿನ ಹಿಂದೆ ಓಡುವ ಎಂಟು ಕಾರ್ಡುಗಳಲ್ಲಿ ಒಂದೊಂದರಿಂದ ಒಂದೊಂದು ಸ್ವರ ಎತ್ತಿ ಪೋಣಿಸಿದ ಸರ ಇದು. ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಕೇಳಿಸುತ್ತದೆ.

ಎಂಟೂ ಸ್ವರ ಹಾಡಿನೊಳಗೆ ಕರಗಿಹೋದರೆ ಈ ಎರಡು ತಂತಿಗಳ ಶ್ರುತಿ ಸರಿ ಇದೆ. ಉಳಿದ ನಾಲ್ಕೂ ಸರಿ ಇದ್ದರೆ ತಪ್ಪು ಕೈಯಲ್ಲೋ ತಾಳದಲ್ಲೋ ಇದೆ. ಎಂಟೂ ಒಂದೇ ತರ ಅಪಸ್ವರವಾದರೆ ಟ್ಯೂನಿಂಗನ್ನೋ ನೀವು ಹಾಕಿಕೊಂಡ ರೆಕಾರ್ಡಿಂಗನ್ನೋ ಅನುಮಾನಿಸಿ. ಮೊದಲ ಐದು ಸರಿಯಾಗಿ ಕೊನೆಯ ಮೂರು ಮಾತ್ರ ಕೆಟ್ಟರೆ ನಾಲ್ಕನೇ ತಂತಿಯೊಂದೇ ಇಳಿದಿದೆ, ಬೇರೇನೂ ಮುಟ್ಟಬೇಡಿ. ಸ್ವರ ಸರಿಯಿದ್ದು ನೀವು ಹಾಡಿಗಿಂತ ಮುಂದೆ ಓಡುತ್ತಿದ್ದರೆ ತಾಳದ ಭಾಗ ಓದಿ.

"ನಾನೊಬ್ಬನೇ ನುಡಿಸಿದರೆ ಚೆನ್ನಾಗಿದೆ, ಹಾಡಿನ ಜೊತೆ ಸೇರಿಸಿದರೆ ಕರ್ಕಶ"

ಮೊದಲು ಟ್ಯೂನರ್ ಆ್ಯಪ್ ತೆರೆದು ಮೂಲೆಯಲ್ಲಿರುವ ಸಂಖ್ಯೆ ನೋಡಿ. 440 ಇರಬೇಕು. ಯಾರೋ ಮಗು ಬೆರಳಾಡಿಸಿ 432 ಆಗಿದ್ದರೆ, ಆರೂ ತಂತಿಗೆ ಹಸಿರು ದೀಪ ಬಂದರೂ ಹಾಡಿನ ಜೊತೆ ಹೊಂದುವುದಿಲ್ಲ. ಆರು ತಂತಿ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ.

ಆಮೇಲೆ ಕೇಪೋ. ಇಲ್ಲಿ ಗೊಂದಲ ಜಾಸ್ತಿ. ಈ ಹಾಡು ಬಿ ಮೈನರಿನಲ್ಲಿದೆ. ಸಂಗೀತ ಹೊಸೆದವರು ತಂಡದ ಗಿಟಾರ್ ವಾದಕ ಡಾನ್ ಫೆಲ್ಡರ್. ಮೊದಲು ಇ ಮೈನರಿನಲ್ಲಿತ್ತು. ಹಾಡಿದ ಡಾನ್ ಹೆನ್ಲಿಗೆ ಅಷ್ಟು ಎತ್ತರ ಆಗಲಿಲ್ಲ, ಕೆಳಗಿಳಿಸಿದರು. ಆದರೆ ಶುರುವಿನ ಆ ಹನ್ನೆರಡು ತಂತಿಯ ಗಿಟಾರನ್ನು 7ನೇ ಫ್ರೆಟ್‌ಗೆ ಕೇಪೋ ಹಾಕಿ, ಇ ಮೈನರ್ ಹಿಡಿತಗಳಲ್ಲೇ ನುಡಿಸುತ್ತಾರೆ. ಹಾಗಾಗಿ ಒಂದೇ ಹಾಡಿಗೆ ಮೂರು ಬಗೆಯ ಕಾರ್ಡ್ ಪಟ್ಟಿ ಸಿಗುತ್ತದೆ, ಮೂರೂ ಸರಿ:

ಕೇಪೋ ಇಲ್ಲದೆ: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಎಫ್ ಶಾರ್ಪ್.
2ನೇ ಫ್ರೆಟ್ಟಿನಲ್ಲಿ ಕೇಪೋ: ಎ ಮೈನರ್, ಇ, ಜಿ, ಡಿ, ಎಫ್, ಸಿ, ಡಿ ಮೈನರ್, ಇ.
7ನೇ ಫ್ರೆಟ್ಟಿನಲ್ಲಿ ಕೇಪೋ: ಇ ಮೈನರ್, ಬಿ7, ಡಿ, ಎ, ಸಿ, ಜಿ, ಎ ಮೈನರ್, ಬಿ7.

ಎರಡನೇ ಪಟ್ಟಿ ನೋಡಿಕೊಂಡು ಕೇಪೋ ಹಾಕಲು ಮರೆತರೆ ಎಲ್ಲವೂ ಎರಡು ಫ್ರೆಟ್ ಕೆಳಗೆ. ಒಬ್ಬರೇ ನುಡಿಸಿದಾಗ ಚೆನ್ನಾಗಿಯೇ ಇರುತ್ತದೆ, ಹಾಡಿನ ಜೊತೆ ಮಾತ್ರ ಜಗಳ. ನನ್ನ ಮೊದಲ ತಪ್ಪು ಇದೇ.

ಇವೆಲ್ಲ ಸರಿಯಿದ್ದೂ ಹೊಂದದಿದ್ದರೆ ರೆಕಾರ್ಡಿಂಗ್ ಬದಲಿಸಿ. 1994ರಲ್ಲಿ ತಂಡ ಮತ್ತೆ ಒಂದಾದಾಗ ನೈಲಾನ್ ತಂತಿಯ ಗಿಟಾರುಗಳಲ್ಲಿ ನುಡಿಸಿದ ರೂಪವೂ ಬಿ ಮೈನರಿನಲ್ಲೇ ಇದೆ, ಶುರು ಮಾತ್ರ ಪೂರ್ತಿ ಬೇರೆ. ಬೇರೆಯವರು ಹಾಡಿದ ರೂಪಗಳು ಅವರವರ ಗಂಟಲಿಗೆ ತಕ್ಕಂತೆ ಮೇಲೆ ಕೆಳಗೆ ಹೋಗಿರುತ್ತವೆ.

ಅಂದಹಾಗೆ, ಶುರುವಿನ ಭಾಗ ನಿಮ್ಮ ಆರು ತಂತಿಯಲ್ಲಿ ಅಷ್ಟು ಮಿನುಗುವುದಿಲ್ಲ ಅಂತ ಬೇಜಾರು ಬೇಡ. ಅಲ್ಲಿ ತಂತಿ ಹನ್ನೆರಡು. ಅದು ದೋಷ ಅಲ್ಲ, ಖರ್ಚಿನ ವಿಷಯ.

"ಶ್ರುತಿ ನಿಲ್ಲುವುದೇ ಇಲ್ಲ"

ತಂತಿ ಹೊಸದಾ? ಹಾಗಿದ್ದರೆ ಎರಡು ದಿನ ಹಿಗ್ಗುತ್ತಲೇ ಇರುತ್ತದೆ. 12ನೇ ಫ್ರೆಟ್ಟಿನ ಬಳಿ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ನಿಲ್ಲುತ್ತದೆ.

ತಂತಿ ಹಳೆಯದಾ? ಬೆರಳಿನಿಂದ ತಂತಿಯ ಕೆಳಗಡೆ ಸವರಿ ನೋಡಿ. ಒರಟಾಗಿದ್ದರೆ, ಬೆರಳಿಗೆ ಕಪ್ಪು ಹತ್ತಿದರೆ ಅದರ ಆಯುಸ್ಸು ಮುಗಿದಿದೆ. ಮುಂಬೈಯ ಬೆವರು, ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಲ್ಲಿ ಒರೆಸಿಟ್ಟರೆ ಒಂದು ತಿಂಗಳು ಜಾಸ್ತಿ ಬರುತ್ತದೆ. ತಂತಿ ಬದಲಿಸುವಾಗ ಒಂದು ಎಚ್ಚರ: ಬಿಗಿಯಾಗಿರುವ ತಂತಿಗೆ ಕಟರ್ ಹಾಕಬೇಡಿ. ಮೊದಲು ಪೂರ್ತಿ ಸಡಿಲಿಸಿ. ಚಾಟಿಯ ಹಾಗೆ ಹಾರುವ ತುದಿ ನೇರ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಬಿರಡೆ ತಿರುಗಿಸುವಾಗ ತಂತಿ "ಟಿಕ್" ಅಂದು ಸ್ವರ ಒಮ್ಮೆಲೇ ನೆಗೆದರೆ, ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ (ನಟ್ ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ). ತಂತಿ ಎತ್ತಿ ಆ ಗೀರಿಗೆ ಪೆನ್ಸಿಲಿನ ಮೊನೆ ಉಜ್ಜಿ. ಎರಡು ರೂಪಾಯಿಯ ಔಷಧಿ. ಇನ್ನೊಂದು ಅಭ್ಯಾಸ: ಸ್ವರ ಜಾಸ್ತಿ ಏರಿದರೆ ಇಳಿಸಿ ನಿಲ್ಲಿಸಬೇಡಿ. ಪೂರ್ತಿ ಕೆಳಗೆ ಇಳಿಸಿ, ಮತ್ತೆ ಕೆಳಗಿನಿಂದ ಏರಿಸಿಕೊಂಡು ಬಂದು ನಿಲ್ಲಿಸಿ. ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿಯುತ್ತದೆ.

ಕ್ಲಾಸಿಗೆ ಹೋದಾಗ ಮಾತ್ರ ಶ್ರುತಿ ಕೆಡುತ್ತದೆ ಅನ್ನುವವರು ಎರಡನೇ ತಪಾಸಣೆ ಮಾಡಬೇಕಾಗಿಲ್ಲ. ಡೊಂಬಿವಲಿ ಫಾಸ್ಟ್ ಲೋಕಲ್ ಟ್ರೇನಿನಲ್ಲಿ ಬೆನ್ನಿಗೆ ಗಿಟಾರ್ ಹಾಕಿಕೊಂಡು ನಿಂತರೆ ಹಿಂದಿನವರ ಹೊಟ್ಟೆ, ಮುಂದಿನವರ ಬ್ಯಾಗು ಎಲ್ಲವೂ ನಿಮ್ಮ ಬಿರಡೆ ತಿರುಗಿಸುತ್ತವೆ. ಲಗೇಜ್ ಡಬ್ಬಿ ಹತ್ತಿ. ಮೀನಿನ ಬುಟ್ಟಿ ಇರುತ್ತದೆ ನಿಜ, ಆದರೆ ಗಿಟಾರಿನ ಕತ್ತು ಉಳಿಯುತ್ತದೆ.

"ಜುಲೈಯಿಂದ ತಂತಿ ಒತ್ತಲು ಕಷ್ಟ, ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ಏರುತ್ತದೆ"

ಖಾಲಿ ತಂತಿಗಳೆಲ್ಲ ಸರಿ, 7ನೇ ಫ್ರೆಟ್ ದಾಟಿದರೆ ಹುಳಿ. ಮೊದಲು ಒತ್ತುವ ಬಲ ಕಡಿಮೆ ಮಾಡಿ ನೋಡಿ. ಹೆದರಿದ ಕೈ ತಂತಿಯನ್ನು ಮರದೊಳಗೇ ಇಳಿಸುವಂತೆ ಒತ್ತುತ್ತದೆ, ಸ್ವರ ಏರುತ್ತದೆ. ಕೇಪೋವನ್ನು ಫ್ರೆಟ್ಟಿನ ಕಂಬಿಗೆ ತಾಗುವಷ್ಟು ಹತ್ತಿರ, ಅದರ ಹಿಂದೆ ಹಾಕಿ. ಎರಡು ಕಂಬಿಗಳ ನಡುವೆ ಹಾಕಿದರೆ ಅದೂ ತಂತಿ ಎಳೆಯುತ್ತದೆ. ಹಾಕಿದ ಮೇಲೆ ಟ್ಯೂನರ್ ಮತ್ತೊಮ್ಮೆ ನೋಡುವುದನ್ನು ಮರೆಯಬೇಡಿ. 7ನೇ ಫ್ರೆಟ್ಟಿನಲ್ಲಂತೂ ಇದು ಬೇಕೇ ಬೇಕು.

ಆಮೇಲೆ ಶಾಲೆಯ ಸ್ಕೇಲ್ ತಂದು 12ನೇ ಫ್ರೆಟ್ಟಿನ ಕಂಬಿಯಿಂದ ತಂತಿಯ ತಳಕ್ಕೆ ಎಷ್ಟು ಎತ್ತರ ಅಂತ ಅಳೆಯಿರಿ. ಉಕ್ಕಿನ ತಂತಿಯ ಗಿಟಾರಿಗೆ ದಪ್ಪ ತಂತಿಯಲ್ಲಿ ಸುಮಾರು 2.5 ಮಿಲಿಮೀಟರ್, ತೆಳು ತಂತಿಯಲ್ಲಿ 2ರ ಆಸುಪಾಸು ಇದ್ದರೆ ಆರಾಮ. ನನ್ನದು ಒಂದು ಮಳೆಗಾಲದಲ್ಲಿ 4 ಮಿಲಿಮೀಟರ್ ಆಗಿತ್ತು. ಒಂದು ಅಂಗಡಿಗೆ ಒಯ್ದೆ. "ಕತ್ತು ಬಗ್ಗಿದೆ, ಹೊಸದು ತಗೊಳ್ಳಿ" ಅಂದರು. ದುಡ್ಡಿರಲಿಲ್ಲ, ಅದೇ ಪುಣ್ಯ. ನವೆಂಬರಿಗೆ ಎತ್ತರ ತಾನಾಗಿ ಇಳಿದಿತ್ತು.

ಆದದ್ದಿಷ್ಟೇ: ಮರ ನೀರು ಕುಡಿಯುತ್ತದೆ. ಗಿಟಾರಿನ ಮುಂಭಾಗದ ತೆಳು ಹಲಗೆ ಉಬ್ಬುತ್ತದೆ. ಅದರ ಮೇಲೆ ಕೂತ ಬ್ರಿಜ್, ಅಂದರೆ ನಮ್ಮ ತಂಬೂರಿಯ ಕುದುರೆ ಇದ್ದ ಹಾಗೆ, ಅದೂ ಮೇಲೇಳುತ್ತದೆ. ತಂತಿ ಎತ್ತರವಾಗುತ್ತದೆ. ಎತ್ತರದ ತಂತಿಯನ್ನು ಕೆಳಗೆ ಒತ್ತಿದಾಗ ಅದು ಹಿಗ್ಗಿ ಸ್ವರ ಏರುತ್ತದೆ. ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ಮುಂಬೈಯ ಮಳೆಗಾಲ ಅದರ ಎಷ್ಟೋ ಮೇಲಿರುತ್ತದೆ. ಕೇಸಿನೊಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಮಳೆ ಬಡಿಯುವ ಹೊರಗೋಡೆಗೆ ಒರಗಿಸಬೇಡಿ. ಬಿಸಿಲಿಗಂತೂ ಇಡಲೇಬೇಡಿ, ಹಪ್ಪಳ ಅಲ್ಲ ಅದು.

ಇಲ್ಲಿ ನಿಲ್ಲಿಸಬೇಕಾದ ಒಂದು ಗುರುತಿದೆ. ಬ್ರಿಜ್‌ನ ಹಿಂಬದಿಯ ಅಂಚಿಗೆ ಒಂದು ಕಾಗದ ಸೇರಿಸಲು ನೋಡಿ. ಕಾಗದ ಒಳಗೆ ಜಾರಿದರೆ ಅಂಟು ಬಿಡುತ್ತಿದೆ. ಆರು ತಂತಿಗಳು ಸೇರಿ ಸುಮಾರು 70 ಕಿಲೋ ಬಲದಿಂದ ಅದನ್ನು ಎಳೆಯುತ್ತಿರುತ್ತವೆ, ಒಂದು ಆಳಿನ ತೂಕ. ತಕ್ಷಣ ತಂತಿ ಸಡಿಲಿಸಿ, ರಿಪೇರಿ ಮಾಡುವವರ ಹತ್ತಿರ ಹೋಗಿ. ಮನೆಯಲ್ಲಿರುವ ಫೆವಿಕ್ವಿಕ್ ಸುರಿಯಬೇಡಿ. ಆಮೇಲೆ ಬಂದವರಿಗೆ ಅದನ್ನು ಕೆರೆಯುವುದೇ ದೊಡ್ಡ ಕೆಲಸ.

"ಗರ್ ಅಂತ ಸದ್ದು"

ಒಂದು ವಾರ ನನ್ನ ಎ ಕಾರ್ಡ್ ಗರ್‌ಗುಟ್ಟುತ್ತಿತ್ತು. ಗಿಟಾರ್ ಪೂರ್ತಿ ಬಿಚ್ಚುವುದೊಂದು ಬಾಕಿ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಶೆಲ್ಫಿನಲ್ಲಿ, ಅವಲಕ್ಕಿ ಡಬ್ಬಿಯ ಸ್ಟೀಲ್ ಮುಚ್ಚಳ. ಹಾಗಾಗಿ ಮೊದಲು ಬೇರೆ ಕೋಣೆಗೆ ಹೋಗಿ ನುಡಿಸಿ ನೋಡಿ. ಆಮೇಲೆ ಬಿರಡೆಯ ಸ್ಕ್ರೂ, ಬೆಲ್ಟಿನ ಗುಂಡಿ ಸಡಿಲವಾಗಿದೆಯಾ ನೋಡಿ.

ಗಿಟಾರಿನದ್ದೇ ಸದ್ದಾದರೆ ಎಲ್ಲಿ ಬರುತ್ತದೆ ಅನ್ನುವುದು ಮುಖ್ಯ. ಬೆರಳು ಕಂಬಿಯಿಂದ ದೂರ ಇದ್ದರೆ ಎಲ್ಲಿ ಬೇಕಾದರೂ ಬರುತ್ತದೆ, ಬೆರಳು ಮುಂದೆ ಸರಿಸಿದರೆ ಹೋಗುತ್ತದೆ. ಖಾಲಿ ತಂತಿಯಲ್ಲಿ ಮಾತ್ರ ಬಂದರೆ ನಟ್‌ನ ಗೀರು ಸವೆದಿದೆ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಬಂದರೆ ಕತ್ತು ಹಿಂದಕ್ಕೆ ಬಾಗಿರಬಹುದು. ಇದಕ್ಕೊಂದು ಪರೀಕ್ಷೆ: ದಪ್ಪ ತಂತಿಯನ್ನು 1ನೇ ಮತ್ತು 14ನೇ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ, 7ನೇ ಫ್ರೆಟ್ಟಿನ ಮೇಲೆ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡಿನಷ್ಟು ಜಾಗ ಇರಬೇಕು. ಜಾಗವೇ ಇಲ್ಲದಿದ್ದರೆ ಕತ್ತಿನೊಳಗಿನ ಟ್ರಸ್ ರಾಡ್, ಅಂದರೆ ಕತ್ತಿನ ಬಾಗು ಹಿಡಿದಿಡುವ ಲೋಹದ ಸರಳು, ಸ್ವಲ್ಪ ಸಡಿಲಿಸಬೇಕು.

ನನ್ನನ್ನು ಕೇಳಿದರೆ, ಮೊದಲ ಸಲ ಅದನ್ನು ನೀವು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಕಾಲು ಸುತ್ತು ಮಾತ್ರ, ಆಮೇಲೆ ಒಂದು ದಿನ ಬಿಟ್ಟು ನೋಡಿ. ಕೀಲಿ ಬಿಗಿಯಾಗಿ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ರಾಡ್ ತುಂಡಾದರೆ ರಿಪೇರಿ ಖರ್ಚಿಗೆ ಇನ್ನೊಂದು ಗಿಟಾರ್ ಬರುತ್ತದೆ.

"ಎಫ್ ಶಾರ್ಪ್ ಬರುವುದೇ ಇಲ್ಲ"

ಎರಡನೇ ಕಾರ್ಡಿನಲ್ಲೇ ಬರುವ ಗೋಡೆ ಇದು. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಬೇಕು, ಮಲಗಿಸಿದರೆ ಅರ್ಧ ತಂತಿ "ತಪ್ ತಪ್" ಅನ್ನುತ್ತವೆ.

ತಪ್ಪು ಬೆರಳಿನದ್ದೋ ಗಿಟಾರಿನದ್ದೋ? ಅದೇ ಹಿಡಿತವನ್ನು 5ನೇ ಫ್ರೆಟ್ಟಿಗೆ ಒಯ್ಯಿರಿ. ಅಲ್ಲಿ ಸಲೀಸಾಗಿ ನುಡಿದರೆ ನಟ್ ಎತ್ತರ ಇದೆ ಅಂತ ಅನುಮಾನ. 3ನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ 1ನೇ ಫ್ರೆಟ್ಟಿನ ಮೇಲಿನ ಸಂದು ನೋಡಿ. ಕೂದಲೆಳೆಯಷ್ಟಿದ್ದರೆ ಸಾಕು. ಢಾಳಾಗಿ ಬೆಳಕು ಕಂಡರೆ ನಟ್ ಅರೆಯಬೇಕು, ಅದು ರಿಪೇರಿಯವರ ಕೆಲಸ. 5ನೇ ಫ್ರೆಟ್ಟಿನಲ್ಲೂ ಬರದಿದ್ದರೆ ಕೈಯ ವಿಷಯ. ತೋರುಬೆರಳಿನ ಮೆತ್ತಗಿನ ಒಳಭಾಗದಿಂದ ಒತ್ತಬೇಡಿ, ಸ್ವಲ್ಪ ಹೊರಳಿಸಿ ಎಲುಬಿರುವ ಪಕ್ಕದಿಂದ ಒತ್ತಿ. ಹೆಬ್ಬೆರಳು ಕತ್ತಿನ ಹಿಂಬದಿಯ ನಡುವೆ ಇರಲಿ.

ಈಗ ನನ್ನ ನಿಜವಾದ ಸಲಹೆ: ಪೂರ್ತಿ ಹಿಡಿತದ ಹಟ ಬಿಡಿ. ಎಫ್ ಶಾರ್ಪ್ 7 ಕಾರ್ಡನ್ನು ನಾಲ್ಕೇ ತಂತಿಯಲ್ಲಿ ಹಿಡಿಯಬಹುದು. ನಾಲ್ಕನೇ ತಂತಿ 4ನೇ ಫ್ರೆಟ್, ಮೂರನೇ ತಂತಿ 3ನೇ ಫ್ರೆಟ್, ಎರಡನೇ ತಂತಿ 2ನೇ ಫ್ರೆಟ್, ಒಂದನೇ ತಂತಿ ಖಾಲಿ. ಬೆರಳುಗಳು ಮೆಟ್ಟಿಲಿನ ಹಾಗೆ ಓರೆಯಾಗಿ ಕೂರುತ್ತವೆ. ಬಿ ಮೈನರ್ ಕೂಡ ಹಾಗೇ: 4, 4, 3, 2. ದಪ್ಪನೆಯ ಎರಡು ತಂತಿಗಳನ್ನು ಮೀಟಬೇಡಿ.

ಹೀಗೆ ಹಿಡಿದಾಗ ಒಂದು ತಮಾಷೆ ನೋಡಿ. ಬಿ ಮೈನರಿನಲ್ಲಿ ಮೂರನೇ ತಂತಿಯ ಬೆರಳು 4ನೇ ಫ್ರೆಟ್ಟಿನಲ್ಲಿ. ಎಫ್ ಶಾರ್ಪಿನಲ್ಲಿ 3. ಎ ಕಾರ್ಡಿನಲ್ಲಿ 2. ಇ ಕಾರ್ಡಿನಲ್ಲಿ 1. ಜಿ ಕಾರ್ಡಿನಲ್ಲಿ ಖಾಲಿ. ಶುರುವಿನ ಎಂಟು ಸ್ವರದ ಪರೀಕ್ಷೆಯ ಮೊದಲ ಐದು ಮೆಟ್ಟಿಲು ಕಾರ್ಡುಗಳೊಳಗೇ ಅಡಗಿ ಕೂತಿವೆ. ಹಾಗಾಗಿ ಯಾವ ತಂತಿ ಸತ್ತರೂ ನಡೆಯುತ್ತದೆ, ಮೂರನೆಯದು ಮಾತ್ರ ಸಾಯಬಾರದು. ಕಾರ್ಡ್ ಹಿಡಿದು ಮೊದಲು ಮೂರನೇ ತಂತಿಯೊಂದನ್ನೇ ಮೀಟಿ ನೋಡಿ. ಅದು ನುಡಿದರೆ ಮುಂದೆ ಹೋಗಿ.

ನೋವಿನ ಬಗ್ಗೆ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು, ರಾತ್ರಿ ಕೈ ಚುಮುಚುಮು ಅನ್ನುವುದು ಸಹಜ ಅಲ್ಲ. ಆ ದಿನವೇ ನಿಲ್ಲಿಸಿ. ಕೆಲವು ದಿನ ಬಿಟ್ಟರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ನುಡಿಸುವುದು ಶುದ್ಧ ಮೂರ್ಖತನ.

"ಕಾರ್ಡೆಲ್ಲ ಬರುತ್ತದೆ, ಆದರೂ ಹಾಡಿನ ಹಾಗೆ ಕೇಳುವುದಿಲ್ಲ"

ಫೋನಿನ ಸ್ಟಾಪ್‌ವಾಚ್ ಹಾಕಿ ಎಂಟು ಕಾರ್ಡ್ ಒಂದು ಸುತ್ತು ನುಡಿಸಿ. ಹಾಡಿನ ವೇಗ ನಿಮಿಷಕ್ಕೆ ಸುಮಾರು 74 ಎಣಿಕೆ. ಎಂಟು ಕಾರ್ಡಿಗೆ 32 ಎಣಿಕೆ, ಅಂದರೆ 26 ಸೆಕೆಂಡ್ ಹತ್ತಿರ. ಮೂಲ ಹಾಡಿನಲ್ಲಿ ಹೀಗೆ ಎರಡು ಸುತ್ತು ಆದ ಮೇಲೆ ಹಾಡುಗಾರಿಕೆ ಶುರು. ನಿಮ್ಮದು 20 ಸೆಕೆಂಡಿಗೇ ಮುಗಿದರೆ ಓಡುತ್ತಿದ್ದೀರಿ. 35 ಆದರೆ ಕಾರ್ಡ್ ಬದಲಿಸುವಾಗ ನಿಲ್ಲುತ್ತಿದ್ದೀರಿ. 50ರ ವೇಗಕ್ಕೆ ಮೆಟ್ರೋನೋಮ್ (ಎಣಿಕೆ ಬಡಿಯುವ ಯಂತ್ರ ಅಥವಾ ಆ್ಯಪ್) ಇಳಿಸಿ, ತಪ್ಪಿಲ್ಲದೆ ಮೂರು ಸುತ್ತು ಬಂದ ಮೇಲೆ ಮಾತ್ರ ಏರಿಸಿ.

ಆದಿತಾಳ ಗೊತ್ತಿರುವವರಿಗೆ ಸುಲಭ. ಒಂದು ಕಾರ್ಡಿಗೆ ಲಘು, ಮುಂದಿನ ಕಾರ್ಡಿಗೆ ಎರಡು ದ್ರುತ. ನಾಲ್ಕು ಆವರ್ತನೆಗೆ ಒಂದು ಸುತ್ತು. ಆದರೆ ನಮ್ಮವರು ಮಾಡುವ ತಪ್ಪೂ ಅಲ್ಲೇ ಇದೆ. ನಮ್ಮ ಕೈ ಸಮದ ಮೇಲೆ ಭಾರ ಹಾಕುತ್ತದೆ. ಈ ಹಾಡಿನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕನೇ ಎಣಿಕೆಯಲ್ಲಿ. ಹೆಸರಿಡುವ ಮೊದಲು ತಂಡದವರು ಈ ಹಾಡನ್ನು 'ಮೆಕ್ಸಿಕನ್ ರೆಗೆ' ಅಂತ ಕರೆಯುತ್ತಿದ್ದರಂತೆ. ರೆಗೆ ಅಂದರೆ ಸಮ ಬಿಟ್ಟು ಬೇರೆ ಎಣಿಕೆಗೆ ಒತ್ತು ಕೊಡುವ ಜಮೈಕಾದ ಸಂಗೀತ. ಆ ಹೆಸರೇ ಗುಟ್ಟು ಹೇಳುತ್ತದೆ: ಮೊದಲ ಎಣಿಕೆಯಲ್ಲಿ ಮೆತ್ತಗೆ, ಎರಡರಲ್ಲಿ ಚುರುಕಾಗಿ ಮೀಟಿ ಅಂಗೈಯಿಂದ ಮುಚ್ಚಿ.

"ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ, ಮುಟ್ಟಿದರೆ ಜುಂ ಅನ್ನುತ್ತದೆ"

ಎಲೆಕ್ಟ್ರಿಕ್ ಗಿಟಾರಿನವರು ಇದನ್ನು ಹಾರಿಸಬೇಡಿ. ಸುಮ್ನೆ ಗುಂಯ್ ಅಂದರೆ, ತಂತಿ ಮುಟ್ಟಿದಾಗ ಕಡಿಮೆಯಾದರೆ, ಹೆದರಬೇಕಾಗಿಲ್ಲ. ಟ್ಯೂಬ್‌ಲೈಟ್, ಫೋನ್ ಚಾರ್ಜರ್ ದೂರ ಇಡಿ. ಕೇಬಲ್ ಅಲ್ಲಾಡಿಸಿದಾಗ ಕರಕರ ಅಂದರೆ ಕೇಬಲ್ ಬದಲಿಸಿ.

ತಂತಿ ಮುಟ್ಟಿದಾಗ ಬೆರಳಿಗೆ ಜುಂ ಅಂದರೆ ವಿಷಯ ಬೇರೆ. ನುಡಿಸುವುದು ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಪ್ಲಗ್ಗಿನಲ್ಲಿ ದಪ್ಪ ಉದ್ದ ಪಿನ್ ಅರ್ಥಿಂಗಿನದ್ದು. ಅದನ್ನು ಮುರಿದೋ, ಎರಡು ಪಿನ್ನಿನ ಅಡಾಪ್ಟರ್ ಹಾಕಿಯೋ ಬಳಸುತ್ತಿದ್ದರೆ ಕಾರಣ ಸಿಕ್ಕಿತು. ಪಿನ್ ಸರಿಯಿದ್ದರೂ ಹಳೇ ಚಾಳುಗಳಲ್ಲಿ ಸಾಕೆಟ್ಟಿನ ಹಿಂದೆ ಅರ್ಥ್ ತಂತಿಯೇ ಇರದಿರಬಹುದು. ಎಲೆಕ್ಟ್ರಿಶಿಯನ್ ಬಂದು ನೋಡುವ ತನಕ ಆ ಸಾಕೆಟ್ ಬೇಡ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕಿಗೆ ತುಟಿ ತಾಗಿಸುವ ಧೈರ್ಯ ಯಾರೂ ಮಾಡಬಾರದು. ಆಂಪ್ಲಿಫೈಯರಿನ ಹಿಂಬದಿಯನ್ನೂ ಬಿಚ್ಚಬೇಡಿ. ವಾಲ್ವ್ ಇರುವ ಆಂಪ್ಲಿಫೈಯರಿನೊಳಗೆ ಪ್ಲಗ್ ಕಿತ್ತ ಮೇಲೂ ಕರೆಂಟ್ ಕೂತಿರುತ್ತದೆ.

"ಸೋಲೋ ನುಡಿಸುವಾಗ ಕೆಲವು ಕಡೆ ಮಾತ್ರ ಹುಳಿ"

ಇದು ನನಗೆ ಇಷ್ಟವಾದ ದೋಷ. ಇದರಲ್ಲಿ ಗಿಟಾರಿನ ತಪ್ಪಿಲ್ಲ, ಬೆರಳಿನ ತಪ್ಪೂ ಇಲ್ಲ.

7ನೇ ಫ್ರೆಟ್ಟಿನಲ್ಲಿ ಬಿ ಮೈನರ್ ಪೆಂಟಟಾನಿಕ್, ಅಂದರೆ ಐದು ಸ್ವರದ ಸ್ಕೇಲ್, ಕಲಿತಿರುತ್ತೀರಿ: ಬಿ, ಡಿ, ಇ, ಎಫ್ ಶಾರ್ಪ್, ಎ. ಹಿಂದೆ ಕಾರ್ಡ್ ಹಾಕಿಕೊಂಡು ಮನಸ್ಸಿಗೆ ಬಂದಂತೆ ನುಡಿಸುತ್ತೀರಿ. ಮುಕ್ಕಾಲು ಭಾಗ ಚೆನ್ನಾಗಿರುತ್ತದೆ. ಎಲ್ಲೋ ಎರಡು ಕಡೆ ಮಜ್ಜಿಗೆಗೆ ಹಾಲು ಹಾಕಿದಂತಾಗುತ್ತದೆ. ಎಲ್ಲಿ ಅಂತ ಎಣಿಸಿ. ಎಷ್ಟನೇ ಕಾರ್ಡ್ ಅನ್ನುವುದೇ ಇಲ್ಲಿ ರೋಗದ ಗುರುತು.

2ನೇ ಅಥವಾ 8ನೇ ಕಾರ್ಡಿನಲ್ಲಿ ಹುಳಿಯಾದರೆ, ನೀವು ಎ ಹಿಡಿದು ನಿಂತಿದ್ದೀರಿ. ಅಲ್ಲಿರುವ ಎಫ್ ಶಾರ್ಪ್ ಕಾರ್ಡಿನೊಳಗೆ ಎ ಶಾರ್ಪ್ ಇದೆ. ಎರಡೂ ಹಣೆ ಹಣೆ ಗುದ್ದಿಕೊಳ್ಳುತ್ತವೆ. ಒಂದು ಫ್ರೆಟ್ ಮೇಲೆ ಸರಿಯಿರಿ.

3ನೇ ಕಾರ್ಡಿನಲ್ಲಾದರೆ ಹಿಂದಿನ ಎ ಶಾರ್ಪನ್ನು ಬಿಡದೆ ತಂದಿದ್ದೀರಿ. ಈಗ ಎ ಬೇಕು.

4ನೇ ಕಾರ್ಡಿನಲ್ಲಾದರೆ ಆ ಐದರ ಹೊರಗಿನ ಜಿ ಸೇರಿಸಿ ನುಡಿಸಿದ್ದೀರಿ. ಬಿ ಮೈನರಿಗೆ ಲೆಕ್ಕದ ಪ್ರಕಾರ ಇ ಮೈನರ್ ಬರಬೇಕು, ಆದರೆ ಇಲ್ಲಿ ಬಂದದ್ದು ಇ ಮೇಜರ್. ಅದರೊಳಗೆ ಜಿ ಶಾರ್ಪ್. ಮುಂದಿನ ಕಾರ್ಡಿಗೇ ಮತ್ತೆ ಜಿ.

ಬೇರೆ ಎಲ್ಲೋ ಹುಳಿಯಾದರೆ, ಬಹುಶಃ ತಂತಿ ಎಳೆದು ಏರಿಸುವಾಗ ಪೂರ್ತಿ ತಲುಪಿಲ್ಲ. ತಲುಪಬೇಕಾದ ಸ್ವರವನ್ನು ಎರಡು ಫ್ರೆಟ್ ಮೇಲೆ ಒತ್ತಿ ಕೇಳಿ, ಆಮೇಲೆ ಎಳೆದು ಅಲ್ಲಿಗೆ ಮುಟ್ಟಿಸಿ.

ಇದು ನನಗೆ ಗೊತ್ತಾದದ್ದು ಮಾಟುಂಗಾದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಈ ಎಂಟು ಸ್ವರ ನುಡಿಸಿ ತೋರಿಸಿದೆ. ಶ್ರುತಿಪೆಟ್ಟಿಗೆಯ ಷಡ್ಜವನ್ನು ಬಿ ಸ್ವರಕ್ಕೆ ಇಟ್ಟು, ತೊಡೆ ತಟ್ಟುತ್ತಾ ಹಾಡಿದರು: ಸ, ನಿ, ನಿ, ದ, ದ, ಪ, ಮ, ಪ. ನಿಲ್ಲಿಸಿ ನನ್ನ ಮುಖ ನೋಡಿದರು.

"ಎರಡು ನಿಷಾದ, ಎರಡು ಧೈವತ, ಪಕ್ಕಪಕ್ಕದಲ್ಲೇ! ಎಂಥದ್ದೋ ಮಾರಾಯ ಇದು? ಮತ್ತೆ ನುಡಿಸು, ಮೆಲ್ಲಗೆ."

ಈ ಸಲ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು ನಿಂತೆ. ಎಫ್ ಶಾರ್ಪಿನಲ್ಲಿ ಕಾಕಲಿ ನಿಷಾದ, ಜೊತೆಗೆ ಶುದ್ಧ ಧೈವತ ಹಾಡಿದರು. "ಇದು ಕೀರವಾಣಿ." ಇ ಕಾರ್ಡಿನಲ್ಲಿ ಚತುಶ್ರುತಿ ಧೈವತ, ಕೈಶಿಕಿ ನಿಷಾದ. "ಇಲ್ಲಿ ಖರಹರಪ್ರಿಯ ಆಯ್ತಲ್ಲ!" ಜಿ ಕಾರ್ಡಿಗೆ ಬಂದಾಗ ಶುದ್ಧ ಧೈವತ, ಕೈಶಿಕಿ ನಿಷಾದ. "ನಠಭೈರವಿ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಮೂರೂ ಮನೆ ವೇದ ಚಕ್ರದ ಒಂದೇ ಸಾಲಿನಲ್ಲಿವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಚಹಾ ಕುಡಿಯಲು ಹೋದ ಹಾಗೆ ಹೋಗ್ತಾ ಇದ್ದಾರೆ."

ಅವರು ಹೇಳಿದ್ದನ್ನು ಗಿಟಾರಿನ ಮೇಲೆ ಹೀಗೆ ಇಟ್ಟುಕೊಳ್ಳಿ. ಮೇಳ ಅಂದರೆ ಕರ್ನಾಟಕ ಸಂಗೀತದಲ್ಲಿ ಏಳು ಸ್ವರಗಳ ಮೂಲ ಸರಣಿ, ಚಕ್ರ ಅಂದರೆ ಅಂಥ ಆರರ ಗುಂಪು. 20ನೇ ಮೇಳ ನಠಭೈರವಿ, 21 ಕೀರವಾಣಿ, 22 ಖರಹರಪ್ರಿಯ. ಮೂರಕ್ಕೂ ಸ, ರಿ, ಗ, ಮ, ಪ ಒಂದೇ. ಬದಲಾಗುವುದು ಧೈವತ, ನಿಷಾದ ಮಾತ್ರ: ಶುದ್ಧ ಧೈವತ ಜಿ, ಚತುಶ್ರುತಿ ಧೈವತ ಜಿ ಶಾರ್ಪ್, ಕೈಶಿಕಿ ನಿಷಾದ ಎ, ಕಾಕಲಿ ನಿಷಾದ ಎ ಶಾರ್ಪ್. ಅಂದರೆ ಬಿ, ಸಿ ಶಾರ್ಪ್, ಡಿ, ಇ, ಎಫ್ ಶಾರ್ಪ್ ಈ ಐದು ಸ್ವರಗಳಿಗೆ ಎಂಟೂ ಕಾರ್ಡಿನಲ್ಲಿ ಮನೆಯೊಳಗೆ ಪ್ರವೇಶ ಇದೆ. ಜಿ ಮತ್ತು ಎ ಇವೆರಡರ ಹತ್ತಿರ ಬಂದಾಗ ಮಾತ್ರ ಎಷ್ಟನೇ ಕಾರ್ಡ್ ಅಂತ ನೋಡಿ ಕಾಲಿಡಿ. ಎಫ್ ಶಾರ್ಪ್ ಬಂದಾಗ ಕೀರವಾಣಿ, ಇ ಮೇಜರ್ ಬಂದಾಗ ಖರಹರಪ್ರಿಯ, ಜಿ ಮತ್ತು ಇ ಮೈನರ್ ಬಂದಾಗ ನಠಭೈರವಿ. ಎ, ಡಿ ಕಾರ್ಡುಗಳಲ್ಲಿ ಕೈಶಿಕಿ ನಿಷಾದ ಇರುವುದರಿಂದ ಅಲ್ಲಿಯೂ ನಠಭೈರವಿಯಲ್ಲೇ ಇದ್ದರೆ ಮೋಸವಿಲ್ಲ.

ಇದನ್ನು ರಾಗ ಅಂತ ಕರೆದರೆ ಚಿಕ್ಕಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ. ರಾಗಕ್ಕೆ ನಡೆ ಬೇಕು, ಗಮಕ ಬೇಕು, ಇಲ್ಲಿರುವುದು ಬರೀ ಸ್ವರಸ್ಥಾನಗಳ ಲೆಕ್ಕ. ಆದರೆ ನಮ್ಮ ಕಿವಿಗೆ ಮೊದಲೇ ಗೊತ್ತಿರುವ ಲೆಕ್ಕ ಅಲ್ವಾ? ಹಾರ್ಮೋನಿಕ್ ಮೈನರ್, ಡೋರಿಯನ್ ಅಂತ ಬಾಯಿಪಾಠ ಮಾಡಿದಾಗ ನನ್ನ ತಲೆಗೆ ಹೋಗದ್ದು, ಒಂದು ಸಂಜೆ ಕಾಕಲಿ ನಿಷಾದ ಅಂದಾಗ ಹೋಯಿತು.

ಹಾಡಿನ ಕೊನೆಯಲ್ಲಿ ಫೆಲ್ಡರ್ ಮತ್ತು ತಂಡದ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಇಬ್ಬರೂ ಒಟ್ಟಿಗೆ ನುಡಿಸುವ ಭಾಗವನ್ನು ಈಗ ನಿಧಾನ ಮಾಡಿ ಕೇಳಿ. ಅವರು ಬಹುತೇಕ ಆಯಾ ಕಾರ್ಡಿನದ್ದೇ ಸ್ವರಗಳನ್ನು ಒಡೆದು ಇಳಿಸುತ್ತಾ ಹೋಗುತ್ತಾರೆ. ಹಾಗಾಗಿ ಅಲ್ಲಿ ತಪ್ಪಿದರೆ ಸ್ಕೇಲ್ ಹುಡುಕಬೇಡಿ, ಆ ಕಾರ್ಡಿನ ಮೂರು ಸ್ವರ ಯಾವುವು ಅಂತ ನೋಡಿ.

"ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ"

ಇದು ನಿಮ್ಮ ದೋಷವಲ್ಲ. ರೆಕಾರ್ಡಿನಲ್ಲಿ ಹಾಡು ಮುಗಿಯುವುದೇ ಇಲ್ಲ, ಗಿಟಾರುಗಳು ನುಡಿಯುತ್ತಿರುವಾಗಲೇ ಸದ್ದು ಕರಗುತ್ತದೆ. ಮನೆಯಲ್ಲಿ ಕರಗಿಸಲು ಆಗುವುದಿಲ್ಲವಲ್ಲ. ಎಂಟನೇ ಕಾರ್ಡಿಗೆ ನಿಲ್ಲಿಸಿದರೆ ಕಾಕಲಿ ನಿಷಾದ ಷಡ್ಜದ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತಂತಾಗುತ್ತದೆ. ಅದಕ್ಕೆ ಎಂಟಾದ ಮೇಲೆ ಇನ್ನೊಂದು ಬಿ ಮೈನರ್ ನಿಧಾನವಾಗಿ ಮೀಟಿ, ಅಲ್ಲಿಗೆ ಕೈ ಎತ್ತಿ. ನಾನು ಎಷ್ಟೋ ದಿನ ಎಂಟಕ್ಕೇ ಬಿಟ್ಟು ಏಳುತ್ತಿದ್ದೆ. ಒಳಗಿನಿಂದ ಅಪ್ಪ ಕೂಗುತ್ತಿದ್ದರು: "ಮುಗೀತಾ, ಇನ್ನೂ ಇದ್ಯಾ?"